ದೂರದ್ದೋ ಹತ್ತಿರದ್ದೋ

ಕರೆಂಟು ಹೋಗಬಹುದು, ಜನರೇಟರೂ ಕೈಕೊಡಬಹುದು. ಸರಿಯಾಗಿ ಅದೇ ಗಳಿಗೆಗೆ ಡಾಕ್ಟರಿಗೆ ಸೀನು ಬರಬಹುದು. ಎಡಗಣ್ಣು ಬಿಟ್ಟು ಬಲಗಣ್ಣಿಗೆ ಕೈ ಹಾಕಬಹುದು. ಹಿಂದಿನ ಸಂಜೆ ತಿಂದ ಬೇಸನ್ ಉಂಡಿಯ ವಿಷಯ ಕಾಕು ಮುಚ್ಚಿಡಬಹುದು. ದಿವಾ ಸ್ಟೇಶನ್ ದಾಟುವ ಮೊದಲೇ ಲೋಕಲ್ ರೈಲು ನಿಂತುಬಿಡಬಹುದು. ಮರಳಿ ಬರುವಾಗ ರಿಕ್ಷಾ ಗುಂಡಿಗಿಳಿದು, ಆ ಪೆಟ್ಟಿಗೆ ಹೊಸ ಮಸೂರ ಜಾರಬಹುದು.

ಇನ್ನೂ ಇದೆ, ಒಟ್ಟು ಹದಿನೇಳು ಕಲಮು. ಅಕ್ಷರ ನನ್ನದೇ. ಇವತ್ತು ಬೆಳಿಗ್ಗೆ ಲೈಟ್ ಬಿಲ್ ಹುಡುಕುವಾಗ ಡ್ರಾವರಿನ ತಳದಲ್ಲಿ ಈ ಚೀಟಿ ಸಿಕ್ಕಿತು. ಎರಡು ವರ್ಷದ ಹಿಂದೆ, ಠಾಣೆ ಊರಿನ ಆಸ್ಪತ್ರೆಯಲ್ಲಿ ಕಾಕುವಿನ, ಅಂದರೆ ನನ್ನ ಚಿಕ್ಕಮ್ಮನ, ಕಣ್ಣಿನ ಪೊರೆ ತೆಗೆಸುವ ಹಿಂದಿನ ದಿನ ಬರೆದದ್ದು. ಚಿಂತೆಗಳನ್ನು ಬರೆದಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ನನಗಾದರೆ ಬರೆಯುತ್ತ ಬರೆಯುತ್ತ ಇನ್ನೂ ನಾಲ್ಕು ಹೊಳೆದವು.

ನನ್ನನ್ನು ಪೂರ್ತಿ ಹೇಡಿ ಎನ್ನಬೇಡಿ. ಕಾಕುವಿನ ಬಲಗಣ್ಣು ಚಿಕ್ಕಂದಿನಿಂದಲೇ ಮಂದ, ಇದ್ದದ್ದೊಂದು ಎಡಗಣ್ಣು. ಆ ಒಂದು ಕಣ್ಣಿನಲ್ಲೇ ಅವಳು ನಲವತ್ತು ವರ್ಷ ಡೊಂಬಿವಲಿಯ ನಮ್ಮ ಮನೆಯ ಕಿಟಕಿಯ ಪಕ್ಕ ಕೂತು ಕೌದಿ ಹೊಲಿದಿದ್ದಳು. ಕಟ್ಟಡದ ಬಾಣಂತಿಯರಿಗೆಲ್ಲ ಅವಳದೇ ಕೌದಿ. ಮರಾಠಿ ಮಂದಿ ಅದಕ್ಕೆ ಗೋಧಡಿ ಎಂದು ಹೆಸರಿಟ್ಟು, ಹಳೆ ಸೀರೆಯ ಗಂಟು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಇರುವೆ ಸಾಲಿನಂಥ ಹೊಲಿಗೆ. ಎಪ್ಪತ್ತು ದಾಟಿದ ಮೇಲೂ ಕಣ್ಣಿಗೆ ಚಾಳೀಸಿಲ್ಲದೆ ಬಟ್ಟೆಯನ್ನು ಮೂಗಿನ ತುದಿಗೆ ತಂದುಕೊಂಡು ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದಳು. ಮೋರೆಯ ಮುಂದಿನದು ಅಷ್ಟು ಸ್ವಚ್ಛ, ನಾಲ್ಕು ಮಾರು ಆಚೆಯದೆಲ್ಲ ಹೊಗೆ. ಹಾಲಿನವನಿಗೆ ಕೊಡಬೇಕಾದ ಪಾತ್ರೆಯನ್ನು ಒಮ್ಮೆ ಸೊಸೈಟಿಯ ಸೆಕ್ರೆಟರಿಯ ಕೈಗಿತ್ತಿದ್ದಳು. ನಿಸರ್ಗ ಅವಳಿಂದ ದೂರವನ್ನು ಕಿತ್ತುಕೊಂಡು, ಹೋಗಲಿ ಪಾಪ ಎಂದು ಹತ್ತಿರವನ್ನು ಬಿಟ್ಟುಕೊಟ್ಟಿತ್ತು.

ಮನುಷ್ಯ ನಿಸರ್ಗಕ್ಕಿಂತ ಚೆನ್ನಾಗಿ ಮಾಡಬಲ್ಲನೇ ಎಂಬ ಪ್ರಶ್ನೆಗೆ ನನ್ನಲ್ಲಿ ಒಂದು ಸಿದ್ಧ ಉತ್ತರವಿತ್ತು. ನಾನು ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ನೌಕರಿ ಮಾಡುವವನು. ನಾವು ಮನುಷ್ಯರು ಕೆಂಪು ಮಣ್ಣನ್ನು ಕಾಯಿಸಿ ಕರಗಿಸಿ ಕಬ್ಬಿಣ ಮಾಡುತ್ತೇವೆ. ಒಂದು ಮಳೆಗಾಲ ಟಾರ್ಪಾಲಿನ ತಾಡಪತ್ರಿ ಹೊದಿಸಲು ಮರೆತರೆ ಅದು ಮತ್ತೆ ಕೆಂಪು ಮಣ್ಣಾಗಲು ಹೊರಡುತ್ತದೆ. ಗೆದ್ದೆವು ಎಂದು ಯಾರಾದರೂ ಹೇಳಿದರೆ ನಾನು ಮೊದಲು ತಾಡಪತ್ರಿ ಎಲ್ಲಿದೆ ಎಂದು ನೋಡುತ್ತೇನೆ. ಆದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಮಸೂರವನ್ನು ಡಾಕ್ಟರಮ್ಮ ಚಿತ್ರದಲ್ಲಿ ತೋರಿಸಿದಾಗ ನನ್ನ ಉತ್ತರ ಅಲುಗಾಡಿತು. ಎಪ್ಪತ್ತು ವರ್ಷದಲ್ಲಿ ಮಂಜಾದದ್ದನ್ನು ತೆಗೆದು ಹೊಸದನ್ನು ಕೂರಿಸಲು ಅರ್ಧ ತಾಸೂ ಬೇಡವಂತೆ.

ಆಮೇಲೆ ಅವರು ಕಾಗದದಿಂದ ತಲೆ ಎತ್ತದೆ ಕೇಳಿದರು: "ದೂರಚೀ ನಜರ್ ಹವೀ ಕೀ ಜವಳಚೀ?"

ದೂರದ ನೋಟ ಬೇಕೋ, ಹತ್ತಿರದ್ದೋ. ಈ ಮಸೂರ ಒಂದನ್ನು ಮಾತ್ರ ಕೊಡುತ್ತದೆ, ಇನ್ನೊಂದಕ್ಕೆ ಚಾಳೀಸು. "ಪೇಶಂಟನ್ನೇ ಕೇಳಿ ಬನ್ನಿ" ಎಂದೂ ಹೇಳಿದರು. ಕಾಕು ಹೊರಗೆ ಬೆಂಚಿನ ಮೇಲೆ, ಔಷಧದ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನನ್ನ ತಲೆಯಲ್ಲಿ ಪ್ಲಾಟ್‌ಫಾರ್ಮಿಗೂ ಲೋಕಲ್ಲಿಗೂ ನಡುವಿನ ಸಂದು, ಹಿಂದಿನಿಂದ ಬರುವ ಬಸ್ಸು, ಮೆಟ್ಟಿಲು. ಕೇಳುವುದೇನಿದೆ, ದೂರದ್ದೇ ಹಾಕಿ ಎಂದೆ. ಎರಡು ಸಲ ಹೇಳಿದೆ.

ಕರೆಂಟು ಹೋಗಲಿಲ್ಲ. ಯಾರೂ ಸೀನಲಿಲ್ಲ. ರಿಕ್ಷಾದವನಂತೂ ಗುಂಡಿ ಬಂದಲ್ಲೆಲ್ಲ ನಡೆದಂತೆ ಓಡಿಸಿದ. ಪಟ್ಟಿ ಬಿಚ್ಚಿದ ಮರುದಿನ ಕಾಕು ಕಿಟಕಿಯಲ್ಲಿ ನಿಂತು ನನ್ನನ್ನು ಕರೆದಳು.

"ಆ ಗುಡ್ಡ ಯಾವಾಗಿಂದ ಅದನೋ ಅಲ್ಲೆ?"

"ಅದು ಮಲಂಗಗಡ, ಕಾಕು. ಮೊದಲಿಂದನೂ ಅದ."

"ಒಬ್ಬರರೆ ಹೇಳಬಾರದ?"

ಒಂದು ವಾರ ಅವಳು ಗುಡ್ಡ ನೋಡಿದಳು. ಎದುರು ಕಟ್ಟಡದ ಐದನೇ ಮಾಳಿಗೆಯಲ್ಲಿ ಯಾರ ಮನೆಯ ಬಟ್ಟೆ ಸರಿಯಾಗಿ ಒಗೆದಿಲ್ಲವೆಂದು ನನ್ನ ಹೆಂಡತಿಗೆ ವರದಿ ಕೊಟ್ಟಳು. ನಾನು ಬೀಗಿದೆ. ಎಂಟನೇ ದಿನ ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿ ಎತ್ತಿದಳು. ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಮೂಗಿನ ಹತ್ತಿರ ತಂದಷ್ಟೂ ಸೂಜಿ ಕರಗುತ್ತಿತ್ತು. ಕೌದಿಯನ್ನು ಮಡಚಿ ಕಪಾಟಿನಲ್ಲಿಟ್ಟಳು. ಯಾವ ಮಗುವಿಗೆಂದು ಶುರುಮಾಡಿದ್ದಳೋ ಅದು ಹುಟ್ಟಿ, ಅಂಗಡಿಯಿಂದ ತಂದ ಮೆತ್ತನೆ ಕಂಬಳಿಯಲ್ಲಿ ಬೆಳೆಯಿತು.

ಚಾಳೀಸು ಮಾಡಿಸಿದೆವು. ಅದನ್ನು ಹಾಕಿದರೆ ತಲೆಶೂಲೆ, ತಲೆ ಎತ್ತಿದರೆ ಗುಡ್ಡ ಮಾಯ. ಕೊನೆಗೆ ತಿಂಗಳುಗಳ ಮೇಲೆ, ದಾರ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಡುತ್ತೇನೆ. ನನಗೂ ಐವತ್ತು ದಾಟಿದೆ, ನಾನೂ ಚಾಳೀಸು ಹುಡುಕಬೇಕು. ಅವಳು ಬೆರಳಿನಿಂದ ತಡವಿ ಹೊಲಿಯುತ್ತಾಳೆ. ಇರುವೆಗಳು ಈಗ ಸಾಲು ಬಿಟ್ಟು ನಡೆಯುತ್ತವೆ.

ಮನುಷ್ಯರಿಗೆ ಹುಟ್ಟುವಾಗ ಬರುವ ಕಣ್ಣು ಗುಡ್ಡದಿಂದ ಸೂಜಿಗೆ, ಸೂಜಿಯಿಂದ ಗುಡ್ಡಕ್ಕೆ ಯಾರನ್ನೂ ಕೇಳದೆ ಹೋಗಿ ಬರುತ್ತದೆ. ಆದರೆ ಅದು ಬಾಳುವುದಿಲ್ಲ. ನಾವು ಮಾಡಿದ್ದು ಬಾಳುತ್ತದೆ, ಆದರೆ ಮೊದಲೇ ಆರಿಸು ಎನ್ನುತ್ತದೆ. ಯಾವುದು ಮೇಲು ಎಂದು ನೀವೇ ಹೇಳಿ. ನಾನಂತೂ ಇವತ್ತು ಬೆಳಿಗ್ಗೆ ಚೀಟಿ ಹಿಡಿದು ಕಿಟಕಿಯ ಹತ್ತಿರ ಹೋದೆ.

"ಕಾಕು, ಆವತ್ತ ಡಾಕ್ಟರು ಒಂದು ಮಾತು ಕೇಳಿದ್ರು."

"ಗೊತ್ತದ."

"ಏನು ಗೊತ್ತದ?"

"ಔಷಧ ಹಾಕಿ ಕಣ್ಣು ಮುಚ್ಚಿಸಿದ್ರು, ಕಿವಿ ಏನ್ ಮುಚ್ಚಿದ್ದಿಲ್ಲ. ಬಾಗಲಾ ತಗದ ಇತ್ತು."

"ಮತ್ತ ಹತ್ತಿರದ್ದ ಬೇಕು ಅಂತ ಯಾಕ ಅನ್ನಲಿಲ್ಲ?"

"ನಿನ್ನ ಧ್ವನಿ ನಡಗಲಿಕ್ಕೆ ಹತ್ತಿತ್ತು. ದೂರದ್ದ ಹಾಕಿದ್ರರೆ ಇಂವಗ ರಾತ್ರಿ ನಿದ್ದಿ ಬಂದೀತು ಅಂದಕೊಂಡೆ." ಸೂಜಿಯನ್ನು ನನ್ನ ಮುಂದೆ ಹಿಡಿದಳು. "ನಿದ್ದಿ ಬರತದೋ ಇಲ್ಲೋ? ಇರಲಿ, ದಾರ ಪೋಣಸು."

ಪೋಣಿಸಿದೆ, ನಾಲ್ಕನೇ ಸಲಕ್ಕೆ. ಆಮೇಲೆ ಪೆನ್ನು ತೆಗೆದುಕೊಂಡು ಚೀಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಹದಿನೆಂಟನೇ ಕಲಮು ಬರೆದೆ: ಕಾಕುವನ್ನು ಕೇಳಲಿಲ್ಲ.