ಕಾಫಿ ಕುಡಿಯದ ಮಾಮ

ಎಷ್ಟು ತಿಕ್ಕಿ ತೊಳೆದರೂ ಹೋಗದ ಡಿಕಾಕ್ಷನ್ ಬಣ್ಣ ಅವರ ಬಲಗೈಯ ಬೆರಳುಗಳಲ್ಲಿತ್ತು. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಕುಂದಾಪುರದ ಈ ಮಾಮನದು ಪುಟ್ಟ ಹೋಟೆಲು. ಅಷ್ಟು ಒಳ್ಳೆಯ ಕಾಫಿ ಮಾಡುವ ಮನುಷ್ಯ ತಾವು ಮಾತ್ರ ಬಿಸಿನೀರು ಕುಡಿಯುತ್ತಿದ್ದರು. "ನೀವ್ಯಾಕ ಕುಡಿಯಂಗಿಲ್ರಿ ಮಾಮಾ?" ಎಂದು ಧಾರವಾಡದ ಬಾಯಿಬಡುಕಿ ನಾನು ಕೇಳಿದರೆ, "ನಂಗ್ ಆತ್ತಿಲ್ಲೆ ತಂಗಿ" ಎಂದು ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದರು. ಹೊಟ್ಟೆಯಲ್ಲಿ ಹುಣ್ಣಿರಬೇಕೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಗೋಡೆಯ ಮೇಲೆ ತೀರಿಹೋದ ಅವರ ಹೆಂಡತಿಯ ಫೋಟೊ ಇತ್ತು. ಬೂಟು ಹಾಕಿ, ಬೆನ್ನಿಗೆ ಚೀಲ ಏರಿಸಿ, ನೇಪಾಳದ ಯಾವುದೋ ಕಲ್ಲುಮೆಟ್ಟಿಲ ಮೇಲೆ ನಗುತ್ತ ನಿಂತದ್ದು. ನಾನೂ ನನ್ನ ಗಂಡನೂ ಅಲ್ಲಿಗೇ ಹೊರಟಿದ್ದೇವೆ, ಗೈಡ್ ಯಾರೂ ಇಲ್ಲ ಎಂದು ಹೇಳಿದ ದಿನ ಮಾಮ ಸ್ಟವ್ ಆರಿಸಿ ನನ್ನೆದುರು ಬಂದು ಕುಳಿತರು.

ಅವರಿಬ್ಬರೂ ವರ್ಷಕ್ಕೊಮ್ಮೆ ಹೋಟೆಲು ಮುಚ್ಚಿ ಅಲ್ಲಿಗೆ ಹೋಗುತ್ತಿದ್ದರಂತೆ. ಒಂದು ರಾತ್ರಿ ಗುರುಂಗರ ಮನೆ, ಇನ್ನೊಂದು ರಾತ್ರಿ ತಮಾಂಗರ ಮನೆ, ಎಲ್ಲ ಅಲ್ಲಿನ ಬೆಟ್ಟದ ಜನ. ಭಾಷೆ ಬಾರದಿದ್ದರೂ ಆಕೆ ಸೀದಾ ಅಡುಗೆಮನೆಗೆ ನುಗ್ಗಿ ಹೆಂಗಸರ ಜೊತೆ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಕೊನೆಯ ಸಲ, ಎತ್ತರದ ಒಂದು ಹಳ್ಳಿಯಲ್ಲಿ ಆಕೆಗೆ ತಲೆ ಸಿಡಿಯತೊಡಗಿತು. ತಂದಿದ್ದ ಕಾಫಿಪುಡಿ ಮುಗಿದಿತ್ತು. ಕಾಫಿ ತಪ್ಪಿದರೆ ತಲೆ ಹಿಡಿಯುವುದು ನಮ್ಮವರಿಗೆ ಹೊಸತಲ್ಲ. ಮಾಮ ಊರೆಲ್ಲ ಹುಡುಕಿ ಕಾಫಿ ತಂದು ಕುಡಿಸಿದರು. ಸ್ವಲ್ಪ ಹಗುರಾಯಿತು ಎಂದರು ಆಕೆ. ಮರುದಿನ ಇನ್ನೂ ಮೇಲಕ್ಕೆ ಹತ್ತಿದರು. ಅದು ಎತ್ತರ ಮೈಗೆ ಒಗ್ಗದ ತಲೆನೋವಾಗಿತ್ತು. ಆಕೆ ಅಲ್ಲೇ ತೀರಿಕೊಂಡರು.

"ತಲೆ ನೋವ್ ಬಂದ್ರೆ ಕಾಫಿ ಹುಡ್ಕುಕ್ ಹೋಪ್ದಲ್ಲ ತಂಗಿ. ಇಳೀಕ್. ಯಾರ್ ಎಂತ ಹೇಳ್ರೂ ಇಳೀಕ್" ಎಂದು, ಕೆಳಗೆ ಇಳಿಯಲೇಬೇಕೆಂಬುದನ್ನು ಒತ್ತಿ ಹೇಳಿದರು.

ಏನು ಮಾಡಿದ್ದರೂ ಆಕೆ ಉಳಿಯುತ್ತಿರಲಿಲ್ಲ, ಆಯುಷ್ಯವೇ ಅಷ್ಟಿತ್ತು ಎಂದು ಪಕ್ಕದ ಕೆಂಟನ್ನಿನ ನಮ್ಮ ಜನ ಸಮಾಧಾನ ಹೇಳಿದ್ದರಂತೆ. "ಹಾಂಗೇ ಇರ್ಕ್", ಹಾಗೇ ಇರಬೇಕು, ಎಂದರು ಮಾಮ. ಆ ಒಂದು ಮಾತನ್ನು ಹಿಡಿದುಕೊಂಡೇ ಅವರು ದಿನ ದೂಡುತ್ತಿದ್ದಾರೆ ಎಂದು ನನಗನ್ನಿಸಿತು.

ನೇಪಾಳದಲ್ಲಿ ನನಗೂ ತಲೆ ಸಿಡಿಯಿತು, ಕಾಲು ತಡವರಿಸಿತು. "ಮುಂಜಾನಿಂದ ಕಾಫಿ ಇಲ್ಲಲಾ, ಅದಕ್ಕs" ಎಂದು ನನ್ನ ಗಂಡ ಎಲ್ಲಿಂದಲೋ ಒಂದು ಲೋಟ ತಂದು ಕೈಗಿಟ್ಟರು. ಮೂಗಿಗೆ ಆ ವಾಸನೆ ಬಡಿದದ್ದೇ ಮಾಮನ ಕಂದು ಬೆರಳುಗಳು ಕಣ್ಣಿಗೆ ಕಟ್ಟಿದವು. ಲೋಟ ಕೆಳಗಿಟ್ಟೆ. ಗಂಡ ಎಷ್ಟು ರೇಗಿದರೂ ಕೇಳದೆ ಅವರನ್ನೂ ಎಳೆದುಕೊಂಡು ಇಳಿದೆ.

ಲಂಡನ್ನಿಗೆ ಬಂದ ಮರುದಿನವೇ ಹೋಟೆಲಿಗೆ ಓಡಿದೆ. "ನಿಮ್ಮಿಂದ ಉಳದ್ ಬಂದೀನ್ರಿ ಮಾಮಾ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಎಷ್ಟ್ ಕೆಳ್ಗ್ ಇಳ್ದ್ರಿ?"

"ಭಾಳ ಏನಿಲ್ರಿ. ಹಿಂದಿನ ಹಳ್ಳಿ ತನಕ. ಅಲ್ಲಿಗೆ ಬರೂದ್ರಾಗ ತಲಿ ಹಗುರಾತು."

"ಅಷ್ಟೇ ಸಾಕಾಯ್ತಾ?"

ನಾನು ಹೂಂ ಎಂದೆ. ಮಾಮ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ಗಿರಾಕಿ ಕರೆದರೂ ತಿರುಗಲಿಲ್ಲ, ತೊಳೆಯುತ್ತಲೇ ಇದ್ದರು.

ಹೋದ ಚಳಿಗಾಲದಲ್ಲಿ ಅವರೂ ತೀರಿಕೊಂಡರು. ಎರಡು ದಿನ ಇಳಿಯಬೇಕಾಯಿತು ಎಂದು ಒಂದು ಸುಳ್ಳು ಹೇಳಬಹುದಿತ್ತು, ಆಗ ಹೊಳೆಯಲಿಲ್ಲ. ನನ್ನ ಜೀವ ಉಳಿಸಿದವರಿಗಿದ್ದ ಒಂದೇ ಸಮಾಧಾನವನ್ನು, ಬದುಕಿ ಬಂದು ನಾನೇ ಕಿತ್ತುಕೊಂಡೆ.