ಡೆಕ್ಲನ್‌ಗೆ ಕೊಬ್ಬರಿ ಮಿಠಾಯಿ

ನಮ್ಮ ಕಾರಿನ ಡಿಕ್ಕಿ ಒಂದೇ ಏಟಿಗೆ ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ. ಹದಿನೇಳರ ಮಗಳು ಸಿಂಚನ ಎರಡು ಆಟ ಆಡುತ್ತಾಳಾದ್ದರಿಂದ ಎರಡು ಜೊತೆ ಬೂಟು, ಎರಡು ಚೀಲ, ಎರಡು ಬಗೆಯ ಕೆಸರು ಅಲ್ಲಿ ಸಹಬಾಳ್ವೆ ನಡೆಸುತ್ತಿರುತ್ತವೆ. ಒಂದು ಕ್ರಿಕೆಟ್, ಮೈಸೂರಿನವನಾದ ನಾನು ಅದನ್ನು ನಿಮಗೆ ವಿವರಿಸಬೇಕಿಲ್ಲ. ಇನ್ನೊಂದು ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್. ಅದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಎದುರಾಳಿಗೆ ಭುಜ ಕೊಟ್ಟು ತಳ್ಳಲೂಬಹುದು. ನಿಷಿದ್ಧವಾದದ್ದು ಯಾವುದೆಂದು ನಾನಿನ್ನೂ ಸಂಶೋಧಿಸುತ್ತಿದ್ದೇನೆ. ಪರದೇಶದಲ್ಲಿ ನಾವು ನೆಲೆಸಿರುವ ಮೌಂಟ್ ಆಲ್ಬರ್ಟ್ ಬಡಾವಣೆಯ ಕನ್ನಡದ ಹುಡುಗಿಗೆ ಈ ಹುಚ್ಚು ಹಿಡಿಸಿದವನು ನಮ್ಮ ಎದುರುಮನೆಯ ಐರಿಷ್ ಮಹಾಶಯ ಡೆಕ್ಲನ್.

ಡೆಕ್ಲನ್ ವೃತ್ತಿಯಿಂದ ಎಲೆಕ್ಟ್ರಿಷಿಯನ್, ಪ್ರವೃತ್ತಿಯಿಂದ ಹುಡುಗಿಯರ ತಂಡದ ಮ್ಯಾನೇಜರ್. ತರಬೇತಿ ಕೊಡುವುದು, ತಂಡ ಆರಿಸುವುದು, ಸೋತಾಗ ಬೈಸಿಕೊಳ್ಳುವುದು ಎಲ್ಲವೂ ಅವನದೇ. ತಾಯ್ನಾಡಿನಲ್ಲಿ ತನ್ನ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದಕ್ಕೆ, ಅವನು ಈ ಫುಟ್‌ಬಾಲನ್ನೂ ಆಡಿದ್ದ. ಮರದ ಕೋಲಿನಿಂದ ಚೆಂಡನ್ನು ಗಾಳಿಯಲ್ಲೇ ಬಾರಿಸುವ ಹರ್ಲಿಂಗ್ ಎಂಬ ರುದ್ರಕ್ರೀಡೆಯನ್ನೂ ಆಡಿದ್ದ. ಕಾಸು ಹುಟ್ಟದ ಆಟಗಳು. ಹಗಲೆಲ್ಲ ವೈರು ಎಳೆದು ಸಂಜೆ ಮೈದಾನಕ್ಕೆ ಓಡುತ್ತಿದ್ದನಂತೆ. ಕಡೆಗೊಂದು ಬೇಸಿಗೆಯಲ್ಲಿ ಎರಡೂ ತಂಡಗಳ ಮ್ಯಾನೇಜರುಗಳು ಅವನನ್ನು ಕರೆದು, ಇದೋ ಅದೋ ಆರಿಸಿಕೋ ಎಂದರು. ಅವನು ಫುಟ್‌ಬಾಲ್ ಆರಿಸಿಕೊಂಡ. ಆ ವರ್ಷ ಹರ್ಲಿಂಗ್ ತಂಡ ಕಪ್ ಗೆದ್ದದ್ದನ್ನು ಜನರ ನಡುವೆ ನಿಂತು ನೋಡಿದ. ಈ ಕಥೆಯನ್ನು ನಗುನಗುತ್ತಲೇ ಹೇಳುತ್ತಾನೆ, ಆದರೆ ಹೇಳಿ ಮುಗಿಸಿದೊಡನೆ ಚಹಾಕ್ಕೆ ನೀರಿಡಲು ಎದ್ದುಹೋಗುತ್ತಾನೆ.

ಈ ಸಲ ಸಿಂಚನಳ ಎರಡೂ ಫೈನಲ್‌ಗಳು ಒಂದೇ ಭಾನುವಾರ ಬಂದು ಕೂತವು. ಕ್ರಿಕೆಟ್ಟೇ ಆಗಬೇಕೆಂದು ನನ್ನ ಆಸೆ. ಮಗಳ ಎದುರು ಅದನ್ನು ಹೇಳುವ ಧೈರ್ಯವಿಲ್ಲ. ಡೆಕ್ಲನ್ನೇ ಅವಳನ್ನು ಕೈಬಿಟ್ಟರೆ ನನ್ನ ಕೈ ಶುದ್ಧವಾಗಿ ಉಳಿಯುತ್ತದೆಂಬ ಉಪಾಯ ಹೂಡಿ ಹೊರಟವನನ್ನು ಹೆಂಡತಿ ತಡೆದಳು.

"ಅಲ್ಲಾ ರೀ, ಕೇಳ್ಕೊಳ್ಳೋಕೆ ಹೋಗ್ತಾ ಬರಿಗೈಲಿ ಹೋಗ್ತಾರಾ? ಕೊಬ್ಬರಿ ಮಿಠಾಯಿ ಇದೆ, ತಗೊಂಡ್ಹೋಗಿ."

ತರಬೇತಿಯ ಮೈದಾನದಲ್ಲಿ ಡಬ್ಬಿ ಒಪ್ಪಿಸಿ, ನಮ್ಮ ಕ್ರಮದಂತೆ ಹವಾಮಾನದಿಂದ ಶುರುಮಾಡಿ ಮಂಡಿನೋವಿನ ತನಕ ಬಂದಿದ್ದೆ. ಅಷ್ಟರಲ್ಲಿ ಡೆಕ್ಲನ್ ನನ್ನ ಭುಜ ತಟ್ಟಿ, ಚಿಂತೆ ಬೇಡ, ಇದೇನೂ ಕೊಡಬೇಕಿರಲಿಲ್ಲ, ನಿನ್ನ ಮಗಳು ತಂಡದಲ್ಲಿ ಇದ್ದೇ ಇದ್ದಾಳೆ ಎಂದುಬಿಟ್ಟ! ಮಕ್ಕಳನ್ನು ಸೇರಿಸಲು ಲಂಚ ಕೊಡುವ ತಂದೆಯರನ್ನು ಅವನು ಕಂಡಿದ್ದನೇನೋ, ಬಿಡಿಸಲು ಮಿಠಾಯಿ ತಂದ ಮಹಾನುಭಾವ ನಾನೊಬ್ಬನೇ ಇರಬೇಕು. ನಾಚಿಕೆ ಬಿಟ್ಟು ವಿಷಯ ತಿಳಿಸಿದೆ. ಅವನು ಮಿಠಾಯಿ ಅಗಿಯುವುದನ್ನು ನಿಲ್ಲಿಸಿದ.

ನಮ್ಮಿಬ್ಬರ ಮುಖ ನೋಡಿಯೇ ಅಲ್ಲೇ ಆಡುತ್ತಿದ್ದ ಮಗಳಿಗೆ ಎಲ್ಲ ಅರ್ಥವಾಗಿರಬೇಕು, ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಹ್ಯಾಸ್ ಎನಿಬಡಿ ಆಸ್ಕ್ಡ್ ಮಿ?"

ಯಾರೂ ಕೇಳಿರಲಿಲ್ಲ. ನನಗೆ ನೆಲ ನೋಡುವಂತಾಯಿತು. ಡೆಕ್ಲನ್ ಮಾತ್ರ ಅವಳನ್ನೇ ನೋಡುತ್ತ, ನಿನಗೇನು ಬೇಕು ಎಂದು ಮೆತ್ತಗೆ ಕೇಳಿದ.

"ಬೋತ್," ಎಂದಳು.

ಒಂದು ತರಬೇತಿ ತಪ್ಪಿದರೂ ಬೆಂಚಿನ ಮೇಲೆ ಕೂರಿಸುವ ಕಟ್ಟುನಿಟ್ಟಿನ ಮನುಷ್ಯ ಅವನು. ಆದರೂ ಡಬ್ಬಿಯ ಮುಚ್ಚಳ ಹಾಕಿ, ಬೆಳಿಗ್ಗೆ ಆಟದ ಮೊದಲರ್ಧ ನನ್ನದು, ಆಮೇಲೆ ಕ್ರಿಕೆಟ್ಟಿನದು, ಕಾರು ಓಡಿಸುವುದು ನಿನ್ನ ಕೆಲಸ ಎಂದು ನನಗೆ ಅಪ್ಪಣೆ ಮಾಡಿದ. ಹೀಗೆ ಕುತಂತ್ರಿಯಾಗಿ ಹೋದವನು ಡ್ರೈವರಾಗಿ ಮರಳಿದೆ.

ಭಾನುವಾರ ಅರ್ಧ ಆಟ ಮುಗಿದಾಗ ಎರಡೂ ಕಡೆ ಸಮಸಮ ಇತ್ತು. ಉಳಿದ ಹುಡುಗಿಯರು ಬೇಡಬೇಡವೆಂದು ಗೊಣಗುತ್ತಿದ್ದರೂ ಡೆಕ್ಲನ್ ತಾನೇ ಬಂದು ಕಾರಿನ ಬಾಗಿಲು ತೆರೆದು ಅವಳನ್ನು ಕೂರಿಸಿ, ನನಗೆ ಹೊರಡೆಂದು ಕೈಮಾಡಿದ. ನಮ್ಮ ಕ್ರಿಕೆಟ್ ತಂಡವೇ ಮೊದಲು ಬ್ಯಾಟಿಂಗ್ ಮಾಡುತ್ತಿದ್ದುದು ಪುಣ್ಯ. ಹಿಂದಿನ ಸೀಟಿನಲ್ಲಿ ಪ್ಯಾಡು ಕಟ್ಟಿಕೊಂಡೇ ಬಂದ ಸಿಂಚನ ಏಳನೆಯವಳಾಗಿ ಇಳಿದು, ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಔಟಾಗಿ ವಾಪಸಾಗುತ್ತಿದ್ದಳು.

ಅವಳು ಫೀಲ್ಡಿಂಗಿಗೆ ಇಳಿದ ಮೇಲೆ ಡೆಕ್ಲನ್ ಬಂದು ನನ್ನ ಪಕ್ಕ ಹುಲ್ಲಿನ ಮೇಲೆ ಕೂತ. ಎಷ್ಟು ಹೊಡೆದಳೆಂದು ಕೇಳಿದ. ಸೊನ್ನೆ ಎಂದೆ. ಮೈದಾನಕ್ಕೇ ಕೇಳುವಂತೆ ನಕ್ಕ. ನಿಮ್ಮದೇನಾಯಿತೆಂದು ಕೇಳಲು ನನಗೆ ಭಯ. ಅವನೇ ಹೇಳಿದ, ಒಂದು ಪಾಯಿಂಟಿನಲ್ಲಿ ಸೋತೆವು, ಅವಳಿದ್ದಿದ್ದರೆ ಗೆಲ್ಲುತ್ತಿದ್ದೆವು. ನನಗೆ ನಿಜವಾಗಿಯೂ ಸಂಕಟವಾಯಿತು. ಕ್ಷಮಿಸು ಎಂದೆ. ಅವನು ತಲೆಯಲ್ಲಾಡಿಸಿ, ಮುಂದಿನ ವರ್ಷ ಹೀಗೇ ಆದರೂ ಹೀಗೇ ಕಳಿಸುತ್ತೇನೆ ಎಂದ.

ದೂರದ ಬೌಂಡರಿಯಲ್ಲಿ ನಿಂತಿದ್ದ ಸಿಂಚನ ಅಷ್ಟರಲ್ಲಿ ಇತ್ತ ತಿರುಗಿ, ನಾವಿಬ್ಬರೂ ಒಟ್ಟಿಗೆ ಕೂತದ್ದನ್ನು ಕಂಡು ಕೈಯೆತ್ತಿ ಬೀಸಿದಳು. ಇಬ್ಬರೂ ಕೈಯೆತ್ತಿದೆವು, ಯಾರಿಗೆ ಬೀಸಿದ್ದೆಂದು ಇಬ್ಬರೂ ಕೇಳಲಿಲ್ಲ.