ಮುನಿವೆಂಕಟಮ್ಮನಿಗೆ ಹೇಳದೆ ಉಳಿದದ್ದು

1988ರಲ್ಲಿ ನಾನು ಕೋಲಾರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಮೂವತ್ತು ಹಾಸಿಗೆ, ಒಂದು ಆಪರೇಷನ್ ಥಿಯೇಟರ್, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಎಕ್ಸ್‌ರೇ ಯಂತ್ರ. ಹರ್ನಿಯಾ, ಅಪೆಂಡಿಕ್ಸ್, ಶ್ರೀನಿವಾಸಪುರದ ಕಡೆ ಮಾವಿನ ಮರದಿಂದ ಬಿದ್ದವರ ಕೈಕಾಲು, ಇವೇ ನನ್ನ ನಿತ್ಯದ ಕೆಲಸ. ಹೊಟ್ಟೆಯ ಕ್ಯಾನ್ಸರ್ ನಮ್ಮಲ್ಲಿಗೆ ಬರುತ್ತಿದ್ದದ್ದು ಕೈಮೀರಿದ ಮೇಲೆಯೇ. ಹೊಟ್ಟೆ ತೆರೆದು, ನೋಡಿ, ಏನೂ ಮಾಡಲಾಗದೆ ಹೊಲಿದು ಮನೆಗೆ ಕಳಿಸಿದವರೇ ಹೆಚ್ಚು.

ಆ ವರ್ಷದ ಮಾರ್ಚ್‌ನಲ್ಲಿ ಹುತ್ತೂರಿನ ಹತ್ತಿರದ ಹಳ್ಳಿಯಿಂದ ಮುನಿವೆಂಕಟಮ್ಮ ಬಂದರು. ನಲವತ್ತಾರು ವರ್ಷ. ಗಂಡ ವೆಂಕಟರಾಯಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಮನೆಯಲ್ಲಿ ರೇಷ್ಮೆಹುಳು ಸಾಕುವ ಜವಾಬ್ದಾರಿಯೆಲ್ಲ ಈಕೆಯದು. ನಾಲ್ಕು ತಿಂಗಳಿಂದ ಉಂಡದ್ದು ದಕ್ಕುತ್ತಿರಲಿಲ್ಲ, ಮೂವತ್ತೆಂಟು ಕಿಲೋಗೆ ಇಳಿದಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟರೆ ಗಂಟು ಸಿಗುತ್ತಿತ್ತು. ಬೆಂಗಳೂರಿಗೆ ಕಳಿಸಿ ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಿದೆ. ಕ್ಯಾನ್ಸರ್ ಎಂಬ ಅನುಮಾನ ನಿಜವಾಯಿತು.

ವರದಿ ಓದಿ ಹೇಳಿದಾಗ ವೆಂಕಟರಾಯಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು.

"ಆಯಮ್ಮಂಗೆ ಮಾತ್ರ ಹೇಳ್ಬ್ಯಾಡಿ ಸಾರ್. ಹೆಸ್ರು ಕೇಳಿದ್ರೇನೆ ಹೆದ್ರಿ ಸತ್ತೋಗ್ತಾಳೆ."

ಆಗ ಎಲ್ಲ ಮನೆಯವರೂ ಹೀಗೆಯೇ ಕೇಳುತ್ತಿದ್ದರು, ಎಲ್ಲ ಡಾಕ್ಟರರೂ ಒಪ್ಪುತ್ತಿದ್ದರು. ನಾನೂ ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೂ ಅದೇ ಸುಲಭವಾಗಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಆಕೆಗೆ ಹೇಳಿದೆ.

ಬೆಂಗಳೂರಿನಲ್ಲಿದ್ದ ನನ್ನ ಗುರುಗಳು ಒಂದು ಹೊಸ ದಾರಿ ಸೂಚಿಸಿದರು. ಗಡ್ಡೆ ಈಗ ಅಕ್ಕಪಕ್ಕಕ್ಕೆ ಅಂಟಿದಂತಿದೆ, ಕತ್ತರಿಸಲು ಹೋದರೆ ಪೂರ್ತಿ ಬರುವುದಿಲ್ಲ. ಮೊದಲೇ ಕೀಮೋಥೆರಪಿ ಕೊಟ್ಟು ಕುಗ್ಗಿಸು, ಆಮೇಲೆ ಕತ್ತರಿಸು, ಕಣ್ಣಿಗೆ ಕಾಣದೆ ಉಳಿದದ್ದಕ್ಕೆ ಮತ್ತೆ ಔಷಧಿ ಕೊಡು ಎಂದರು. ಲೆಕ್ಕ ಹೀಗಿತ್ತು: ಆಪರೇಷನ್ನಿಗೆ ಮುಂಚೆ ಎರಡು ಸುತ್ತು, ನಂತರ ನಾಲ್ಕು. ಒಂದೊಂದು ಸುತ್ತಿಗೂ ಐದು ದಿನ ಆಸ್ಪತ್ರೆಯಲ್ಲಿದ್ದು ಡ್ರಿಪ್ ಹಾಕಿಸಿಕೊಳ್ಳಬೇಕು, ನಾಲ್ಕು ವಾರಕ್ಕೊಮ್ಮೆ.

ಮೊದಲಿನ ಎರಡು ಸುತ್ತಿಗೆ ಆಕೆ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ವಾಂತಿ ಮಾಡಿಕೊಂಡರು, ತಲೆಗೂದಲು ಉದುರಿತು. ಹುಣ್ಣು ಒಣಗುವ ಔಷಧಿ ಎಂದು ನಾವು ಹೇಳಿದ್ದನ್ನು ನಂಬಿ ಹಲ್ಲುಕಚ್ಚಿ ಸಹಿಸಿದರು. ಗಡ್ಡೆ ಕುಗ್ಗಿತು. ಮೇ ಕೊನೆಯ ವಾರ ಆಪರೇಷನ್ ಮಾಡಿ ಜಠರದ ಮುಕ್ಕಾಲು ಭಾಗ ತೆಗೆದೆ. ಗಡ್ಡೆ ಪೂರ್ತಿ ಬಂದಿತ್ತು. ಪಕ್ಕದ ಎರಡು ಗ್ರಂಥಿಗಳಲ್ಲಿ ಮಾತ್ರ ರೋಗದ ಕಣಗಳಿದ್ದವು. ನಂತರದ ನಾಲ್ಕು ಸುತ್ತು ಬೇಕಾಗಿದ್ದದ್ದು ಅದಕ್ಕೇ. ಅಂದು ನಾನು ಸಂತೋಷದಿಂದ ಬೀಗಿದ್ದೆ. ಆಕೆ ಕಣ್ಣು ಬಿಟ್ಟಾಗ, ಹುಣ್ಣನ್ನು ಬುಡಸಮೇತ ತೆಗೆದುಹಾಕಿದ್ದೇನೆ ಎಂದೆ.

ಜುಲೈ ಮೊದಲ ವಾರಕ್ಕೆ ಬರಬೇಕಿತ್ತು. ಬರಲಿಲ್ಲ. ಕಾರ್ಡು ಬರೆದೆ, ಉತ್ತರವಿಲ್ಲ. ಆಗಸ್ಟಿನಲ್ಲಿ ನಾನೇ ಬಸ್ಸು ಹತ್ತಿ ಹೋದೆ. ಮುನಿವೆಂಕಟಮ್ಮ ಮೈಕೈ ತುಂಬಿಕೊಂಡು ಗೆಲುವಾಗಿದ್ದರು. ಹುಳುಮನೆಯ ಬಾಗಿಲಲ್ಲೇ ನನ್ನನ್ನು ತಡೆದು, ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಔಷಧಿಯ ವಾಸನೆ ಹುಳುಗಳಿಗೆ ಆಗುವುದಿಲ್ಲ. ಆಸ್ಪತ್ರೆಗೆ ಹೋಗಿಬಂದವರು ಮೂರು ದಿನ ಹುಳುಮನೆಗೆ ಕಾಲಿಡಬಾರದೆಂಬುದು ಅವರ ಮನೆಯ ಕಟ್ಟುನಿಟ್ಟು. ಬೇಸಿಗೆಯಲ್ಲಿ ನೀರಿಲ್ಲದೆ ಹುಳು ಸಾಕಿರಲಿಲ್ಲ, ಆಗ ಬರಲು ಅಡ್ಡಿಯಿರಲಿಲ್ಲ. ಮಳೆ ಬಿದ್ದ ಮೇಲೆ ಚಾಕಿ, ಅಂದರೆ ಮರಿಹುಳು, ತಂದಿದ್ದರು. ನಾನು ಬರಹೇಳಿದ ವಾರವೇ ಹುಳುಗಳು ಹಗಲೂ ರಾತ್ರಿ ಸೊಪ್ಪು ತಿನ್ನುವ ಕೊನೆಯ ವಾರ. ಐದು ದಿನ ಆಸ್ಪತ್ರೆ, ಮೂರು ದಿನ ಹೊರಗೆ, ಬೆಳೆ ಕೈಬಿಟ್ಟಂತೆಯೇ.

ಹುಳು ಸಾಕುವ ಹೆಣ್ಣುಮಗಳಿಗೆ ದಿನ ಗೊತ್ತುಮಾಡುವಾಗ ಮನೆಯಲ್ಲಿ ಹುಳು ಇವೆಯಾ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಆದರೂ ಸೂಜಿ ಹಾಕಿಸಿಕೊಳ್ಳಲೇಬೇಕು ಎಂದು ಒತ್ತಾಯಿಸಿದೆ.

"ಹುಣ್ಣು ತೆಗ್ದುಬಿಟ್ಟೆ ಅಂದ್ರಲ್ಲ ಸಾರ್. ಇಲ್ದಿರೋ ಹುಣ್ಣಿಗೆ ಇನ್ನೇನು ಔಷ್ದಿ?" ಎಂದು ಆಕೆ ನಕ್ಕರು.

ವೆಂಕಟರಾಯಪ್ಪ ಆಕೆಯ ಹಿಂದೆ ನಿಂತು ಬೇಡ ಎಂದು ತಲೆಯಾಡಿಸುತ್ತಿದ್ದರು. ಇಷ್ಟು ಚೆನ್ನಾಗಿದ್ದಾಳಲ್ಲ, ಈಗ್ಯಾಕೆ ಎಂದು ಅವರಿಗೆ. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಶಕ್ತಿಗೆ ಒಳ್ಳೆಯದು, ಬಿಡುವಾದಾಗ ಬನ್ನಿ ಎಂದು ಏನೋ ತೊದಲಿ ಬಸ್ಸು ಹತ್ತಿದೆ.

ಬಿಡುವಾಗಲಿಲ್ಲ. ಒಂದು ಬೆಳೆ ಮುಗಿದರೆ ಇನ್ನೊಂದು. ಮರುವರ್ಷ ಫೆಬ್ರವರಿಯಲ್ಲಿ ಆಕೆ ಬಂದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಣ್ಣು ಹಳದಿಯಾಗಿತ್ತು. ರೋಗ ಯಕೃತ್ತಿಗೆ ಹಬ್ಬಿತ್ತು. ಕತ್ತರಿಸಲು, ಕೊಡಲು ಏನೂ ಉಳಿದಿರಲಿಲ್ಲ. ಅಂದು ವೆಂಕಟರಾಯಪ್ಪನ ಎದುರಿಗೇ ಆಕೆಗೆ ಕಾಯಿಲೆಯ ಹೆಸರು ಹೇಳಿದೆ. ಆಕೆ ಅಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದರು.

"ಮೊದ್ಲಿಂದ್ಲೂ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಇವ್ರಿಗೂನಾ?"

ವೆಂಕಟರಾಯಪ್ಪ ತಲೆ ತಗ್ಗಿಸಿದರು.

"ನಂಗೊಂದ್ ಮಾತು ಹೇಳಿದ್ರೆ ಆ ಸಲ ಚಾಕೀನೇ ತರ್ತಿರ್ಲಿಲ್ಲ ಸಾರ್. ಬೆಳೆ ಹೋದ್ರೆ ಹೋಯ್ತು ಅಂತ ಬಂದ್ಬಿಡ್ತಿದ್ದೆ."

ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡರು. ಆ ನಾಲ್ಕು ಸುತ್ತು ಕೊಟ್ಟಿದ್ದರೆ ಬದುಕುತ್ತಿದ್ದರೇ? ನನಗೆ ಗೊತ್ತಿಲ್ಲ. ಬದುಕದೆಯೂ ಇರಬಹುದಿತ್ತು. ನಾವು ಹೇಳಿದ ಸುಳ್ಳು ಆಪರೇಷನ್ನಿನವರೆಗೆ ಮಾತ್ರ ಕೆಲಸಕ್ಕೆ ಬಂತು. ಹುಣ್ಣು ಹೋಯಿತೆಂದ ಮೇಲೆ ಔಷಧಿಗೆ ಕಾರಣವೇ ಉಳಿಯಲಿಲ್ಲ. ಆಮೇಲೆ ನಿವೃತ್ತನಾಗುವವರೆಗೆ ನಾನು ಯಾರ ವರದಿಯನ್ನೂ ಮೊದಲು ಮನೆಯವರಿಗೆ ಓದಲಿಲ್ಲ. ರೋಗಿಯ ಹಾಸಿಗೆಯ ಪಕ್ಕ ಕೂತು ಓದಿದೆ. ಕೆಲವರು ನನ್ನನ್ನು ಕಲ್ಲೆದೆಯವನು ಎಂದು ಬೈದರು. ಬೈಯಲಿ. ಆ ಹೆಂಗಸು ಬದುಕಲಿಕ್ಕೆ ಒಂದು ಬೆಳೆ ಬಿಡಲು ಸಿದ್ಧರಿದ್ದರು, ಬಿಡಮ್ಮ ಎಂದು ಕೇಳುವ ಧೈರ್ಯ ನನಗಿರಲಿಲ್ಲ.